ದೇಗುಲದ ದುರಸ್ತಿಯಲ್ಲಿ ಸಿಕ್ಕ ಗ್ರಂಥ

ಕ್ರಿ.ಪೂ. 622. ಜೆರೂಸಲೇಮಿನ ದೇವಾಲಯದಲ್ಲಿ ದುರಸ್ತಿ ಕೆಲಸ ನಡೆದಿತ್ತು. ಬಾಗಿಲು ಕಾಯುವವರು ಭಕ್ತರಿಂದ ಕೂಡಿಸಿದ್ದ ಬೆಳ್ಳಿಯನ್ನು ಬಡಗಿಗಳಿಗೂ ಕಲ್ಲುಕುಟಿಗರಿಗೂ ಹಂಚಬೇಕಾಗಿತ್ತು. ಆ ಕಾಲಕ್ಕೆ ಆ ನಾಡಿನಲ್ಲಿ ನಾಣ್ಯಗಳಿರಲಿಲ್ಲ. ಬೆಳ್ಳಿಯನ್ನು ತೂಗಿಯೇ ಕೊಡಬೇಕು. ಈ ವ್ಯವಹಾರ ನೋಡಿಕೊಳ್ಳಲು ಅರಸ ತನ್ನ ಆಸ್ಥಾನದ ಲೇಖಕನಾದ ಶಾಫಾನನನ್ನು ಕಳುಹಿಸಿದ. ಕೆಲಸಗಾರರು ನಂಬಿಗಸ್ತರು, ಅವರಿಂದ ಲೆಕ್ಕ ಕೇಳುವುದು ಬೇಡ ಎಂಬ ಮಾತನ್ನೂ ಹೇಳಿ ಕಳುಹಿಸಿದ.

ಶಾಫಾನ ಅಲ್ಲಿಗೆ ಹೋದಾಗ ಮಹಾಯಾಜಕ ಹಿಲ್ಕೀಯ ಅವನ ಕೈಗೊಂದು ಸುರುಳಿಯನ್ನಿತ್ತ. ಧರ್ಮಶಾಸ್ತ್ರದ ಗ್ರಂಥವೊಂದು ದೇವಾಲಯದಲ್ಲೇ ತನಗೆ ಸಿಕ್ಕಿತೆಂದು ತಿಳಿಸಿದ. ಶಾಫಾನ ಅದನ್ನು ಓದಿಕೊಂಡು ಅರಮನೆಗೆ ಮರಳಿದ. ಒಳ್ಳೆಯ ಅಧಿಕಾರಿಯಂತೆ ಮೊದಲು ಹಣದ ವಿಷಯ ಒಪ್ಪಿಸಿದ. ಆಮೇಲಷ್ಟೇ, ಯಾಜಕರು ಪುಸ್ತಕವೊಂದನ್ನು ಕೊಟ್ಟಿದ್ದಾರೆಂದು ಹೇಳಿ ಓದತೊಡಗಿದ. ಕೇಳುತ್ತ ಕೇಳುತ್ತ ಅರಸ ತಾನು ತೊಟ್ಟಿದ್ದ ಬಟ್ಟೆಯನ್ನು ಹರಿದುಕೊಂಡ. ಆ ಜನರಲ್ಲಿ ಅದು ಸಾವಿನ ಮನೆಯಲ್ಲಿ ಮಾಡುವ ಕ್ರಿಯೆ.

ಬಟ್ಟೆ ಹರಿದುಕೊಂಡವನು ಯೆಹೂದ ರಾಜ್ಯದ ದೊರೆ ಯೋಷೀಯ. ಅವನಿಗಾಗ 26 ವರ್ಷ. ಆ ಓದಿನ ಫಲವಾಗಿ ಅವನ ನಾಡಿನ ಹಳ್ಳಿಹಳ್ಳಿಯ ಪೂಜೆ ನಿಂತಿತು, ಶತಮಾನಗಳ ಬಲಿಪೀಠಗಳು ಪುಡಿಯಾದವು, ರಕ್ತವೂ ಹರಿಯಿತು. 13 ವರ್ಷಗಳ ನಂತರ ಅರಸ ಹತನಾದ. ಮತ್ತೆ ಕಾಲು ಶತಮಾನ ಕಳೆಯುವುದರೊಳಗೆ ಅವನು ಎಲ್ಲಕ್ಕಿಂತ ಮಿಗಿಲೆಂದು ಎತ್ತಿಹಿಡಿದ ದೇವಾಲಯವೂ ಸುಟ್ಟು ಬೂದಿಯಾಯಿತು. ಲೌಕಿಕ ಲೆಕ್ಕದಲ್ಲಿ ಸೋತ ಈ ಸುಧಾರಣೆ ಜಗತ್ತಿನ ಧರ್ಮಗಳ ಚರಿತ್ರೆಯಲ್ಲಿ ಇಷ್ಟು ದೊಡ್ಡ ಸ್ಥಾನ ಪಡೆದದ್ದು ಹೇಗೆ ಎಂಬುದು ವಿಚಾರ ಮಾಡತಕ್ಕ ಸಂಗತಿ.

ಎಂಟು ವರ್ಷದ ದೊರೆ

ದಾವೀದ ಮತ್ತು ಸೊಲೊಮೋನರ ಹೆಸರಿನಲ್ಲಿ ನೆನೆಯಲಾಗುವ ಹೀಬ್ರೂ ರಾಜ್ಯ ಮುಂದೆ ಎರಡಾಗಿತ್ತು. ಉತ್ತರದಲ್ಲಿ ಇಸ್ರೇಲ್, ದಕ್ಷಿಣದಲ್ಲಿ ಯೆಹೂದ. ಇಸ್ರೇಲ್ ದೊಡ್ಡದು, ಫಲವತ್ತಾದದ್ದು. ಯೆಹೂದ ಚಿಕ್ಕದು, ಬೆಟ್ಟಗಾಡು. ಜೆರೂಸಲೇಮ್ ಅದರ ರಾಜಧಾನಿ. ಇಂದಿನ ಇರಾಕಿನ ಉತ್ತರ ಭಾಗದಲ್ಲಿ ತಲೆಯೆತ್ತಿದ್ದ ಅಶ್ಶೂರ ಸಾಮ್ರಾಜ್ಯ ಕ್ರಿ.ಪೂ. 722ರ ಸುಮಾರಿಗೆ ಇಸ್ರೇಲನ್ನು ನುಂಗಿ, ಅದರ ರಾಜಧಾನಿ ಸಮಾರ್ಯವನ್ನು ವಶಪಡಿಸಿಕೊಂಡು, ಜನರನ್ನು ದೂರದ ಪ್ರಾಂತಗಳಿಗೆ ಸಾಗಿಸಿತು. ಕ್ರಿ.ಪೂ. 701ರಲ್ಲಿ ಯೆಹೂದದ ಸರದಿ ಬಂತು. ಅಶ್ಶೂರದ ದೊರೆ ಸನ್ಹೇರೀಬ ತಾನು ಈ ನಾಡಿನ 46 ಕೋಟೆ ಪಟ್ಟಣಗಳನ್ನು ಗೆದ್ದೆನೆಂದು ಮಣ್ಣಿನ ಪಟ್ಟಕದ ಮೇಲೆ ಬರೆಸಿದ್ದಾನೆ. ಜೆರೂಸಲೇಮ್ ಮಾತ್ರ ಹೇಗೋ ಉಳಿಯಿತು, ಕಪ್ಪ ಒಪ್ಪಿಸಿ ಬದುಕಿತು.

ಆಗ ಅಲ್ಲಿ ಆಳುತ್ತಿದ್ದವನು ಯೋಷೀಯನ ಮುತ್ತಜ್ಜ ಹಿಜ್ಕೀಯ. ಊರೂರಿನ ಪೂಜಾಸ್ಥಳಗಳನ್ನು ತೆಗೆದುಹಾಕಿ ಜೆರೂಸಲೇಮಿನಲ್ಲೇ ಪೂಜೆ ನಡೆಸಬೇಕೆಂದು ಮೊದಲು ಯತ್ನಿಸಿದವನು ಅವನೇ. ಅಶ್ಶೂರದ ದೂತ ಕೋಟೆಯ ಹೊರಗೆ ನಿಂತು ಇದೇ ಸಂಗತಿಯನ್ನೆತ್ತಿ ಜನರನ್ನು ಕೆಣಕಿದನೆಂದು ಬೈಬಲ್ ಹೇಳುತ್ತದೆ: ನಿಮ್ಮ ದೇವರ ಪೂಜಾಸ್ಥಳಗಳನ್ನು ಕೆಡವಿದವನೇ ನಿಮ್ಮ ಅರಸನಲ್ಲವೇ, ಆ ದೇವರು ನಿಮ್ಮನ್ನೇಕೆ ಕಾಪಾಡುತ್ತಾನೆ ಎಂದು. ಜನಸಾಮಾನ್ಯರಲ್ಲಿ ಅನೇಕರಿಗೆ ಈ ಮಾತು ನಾಟಿರಬೇಕು. ಹಿಜ್ಕೀಯನ ಮಗ ಮನಸ್ಸೆ ತಂದೆ ಕೆಡವಿದ್ದನ್ನೆಲ್ಲ ಮತ್ತೆ ಕಟ್ಟಿಸಿದ.

ಬೈಬಲಿನ ಲೇಖಕರಿಗೆ ಮನಸ್ಸೆ ಪರಮ ಪಾಪಿ. ಆದರೆ ಅವನು 55 ವರ್ಷ ಆಳಿದ ಎಂಬುದನ್ನು ಅವರೂ ಮರೆಮಾಚಿಲ್ಲ. ಅಶ್ಶೂರದ ಶಾಸನಗಳಲ್ಲಿ ಅವನ ಹೆಸರು ವಿಧೇಯ ಸಾಮಂತರ ಪಟ್ಟಿಯಲ್ಲಿದೆ. ನುಚ್ಚುನೂರಾಗಿದ್ದ ನಾಡಿಗೆ ಅರ್ಧ ಶತಮಾನದ ನೆಮ್ಮದಿ ಕೊಟ್ಟವನು ಎಂದು ಇಂದಿನ ಕೆಲವು ಇತಿಹಾಸಕಾರರು ಅವನ ಬಗ್ಗೆ ಮೃದುವಾಗಿದ್ದಾರೆ.

ಮನಸ್ಸೆಯ ಮಗ ಆಮೋನ ಎರಡೇ ವರ್ಷ ಆಳಿದ. ಅರಮನೆಯ ಸೇವಕರೇ ಅವನನ್ನು ಕೊಂದರು. 'ನಾಡಿನ ಜನ' ಎಂದು ಬೈಬಲ್ ಕರೆಯುವ ಗುಂಪೊಂದು, ಬಹುಶಃ ಗ್ರಾಮಾಂತರದ ಭೂಮಾಲೀಕರು, ಕೊಲೆಗಾರರನ್ನು ಕೊಂದು ಆಮೋನನ ಮಗನನ್ನು ಗದ್ದುಗೆಗೇರಿಸಿತು. ಅದು ಕ್ರಿ.ಪೂ. 640. ಹುಡುಗ ಯೋಷೀಯನಿಗೆ ಆಗ ಎಂಟು ವರ್ಷ. ರಾಜ್ಯವನ್ನು ವಾಸ್ತವವಾಗಿ ನಡೆಸಿದವರು ಹಿರಿಯ ಅಧಿಕಾರಿಗಳು, ಯಾಜಕರು, ಲೇಖಕರು. ಹಿಲ್ಕೀಯ ಮತ್ತು ಶಾಫಾನ ಅಂಥವರ ಪೈಕಿ.

ಪ್ರತಿ ಗುಡ್ಡದ ಮೇಲೊಂದು ಬಲಿಪೀಠ

ಯೋಷೀಯನ ಸುಧಾರಣೆ ಎಷ್ಟು ತೀವ್ರವಾದದ್ದು ಎಂದು ತಿಳಿಯಲು ಅದಕ್ಕೆ ಮೊದಲು ಜನ ಹೇಗೆ ಪೂಜಿಸುತ್ತಿದ್ದರು ಎಂಬುದನ್ನು ನೋಡಬೇಕು. ಯೆಹೂದದ ದೇವರು ಯೆಹೋವ. ಆದರೆ ಅವನನ್ನು ಕಾಣಲು ಎಲ್ಲರೂ ಜೆರೂಸಲೇಮಿಗೆ ಹೋಗಬೇಕಾಗಿರಲಿಲ್ಲ. ಊರ ಬಳಿಯ ದಿಬ್ಬದ ಮೇಲೆ ಬಲಿಪೀಠ, ಒಂದು ನೆಟ್ಟ ಕಲ್ಲು, ಒಂದು ಮರದ ಕಂಬ, ಅಲ್ಲಿಗೊಬ್ಬ ಯಾಜಕ. ಸುಗ್ಗಿಯ ಮೊದಲ ಕಾಳು, ಮಂದೆಯ ಮೊದಲ ಕರು ಅಲ್ಲಿಗೇ ಸಲ್ಲುತ್ತಿದ್ದವು.

ಜೊತೆಗೆ ಬೇರೆ ದೇವತೆಗಳೂ ಇದ್ದರು: ಮಳೆ ಬೆಳೆಗಳ ಬಾಳ್, ತಾಯಿದೇವತೆ ಅಶೇರ, ಸೂರ್ಯ, ಚಂದ್ರ, ನಕ್ಷತ್ರಗಣ. ಸಿನಾಯ್ ಮರುಭೂಮಿಯ ಕುಂತಿಲ್ಲೆತ್ ಅಜ್ರೂದ್ ಎಂಬಲ್ಲಿ 1975-76ರಲ್ಲಿ ನಡೆದ ಉತ್ಖನನದಲ್ಲಿ ದೊಡ್ಡ ಹರವಿಗಳು ಸಿಕ್ಕಿದವು. ಕ್ರಿ.ಪೂ. 800ರ ಸುಮಾರಿನ ಆ ಹರವಿಗಳ ಮೇಲೆ ಯೆಹೋವನ ಹೆಸರಿನಲ್ಲೂ 'ಅವನ ಅಶೇರ'ದ ಹೆಸರಿನಲ್ಲೂ ಆಶೀರ್ವಾದಗಳಿವೆ. ಈ ಅಶೇರ ಎಂದರೆ ದೇವಿಯೋ, ಅವಳ ಸಂಕೇತವಾದ ಕಂಬವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ. ಯೆಹೋವನ ಪಕ್ಕದಲ್ಲಿ ಇನ್ನೊಂದು ಪವಿತ್ರ ಹೆಸರಿಗೆ ಸ್ಥಾನವಿತ್ತೆಂಬುದಂತೂ ನಿಜ. ಯೆಹೂದದ ಮನೆಗಳ ಅವಶೇಷಗಳಲ್ಲಿ ಸ್ತ್ರೀರೂಪದ ಪುಟ್ಟ ಮಣ್ಣಿನ ಬೊಂಬೆಗಳು ನೂರಾರು ಸಿಕ್ಕಿವೆ. ಜೆರೂಸಲೇಮಿನಲ್ಲೇ ಅವು ಹೇರಳ.

ದಕ್ಷಿಣದ ಅರಾದ್ ಎಂಬ ಗಡಿಕೋಟೆಯಲ್ಲಿ 1960ರ ದಶಕದಲ್ಲಿ ಯೊಹಾನಾನ್ ಅಹರೋನಿ ಎಂಬ ಪುರಾತತ್ವಜ್ಞರು ಇಡೀ ದೇಗುಲವನ್ನೇ ಅಗೆದು ತೆಗೆದರು. ಅದರ ಗರ್ಭಗುಡಿಯ ಮೆಟ್ಟಿಲಲ್ಲಿದ್ದ ಎರಡು ಧೂಪದ ಕಲ್ಲುಗಳನ್ನು ಯಾರೋ ಒಡೆಯದೆ, ಜೋಪಾನವಾಗಿ ಮಗ್ಗುಲಿಗೆ ಮಲಗಿಸಿ ಮಣ್ಣು ಮುಚ್ಚಿದ್ದರು. 2020ರಲ್ಲಿ ಪ್ರಕಟವಾದ ರಾಸಾಯನಿಕ ಪರೀಕ್ಷೆಯಲ್ಲಿ ಒಂದರ ಮೇಲೆ ಲೋಬಾನದ, ಮತ್ತೊಂದರ ಮೇಲೆ ಗಾಂಜಾದ ಅಂಶ ಕಂಡಿತು. ಈ ದೇಗುಲ ಮುಚ್ಚಿದ್ದು ಯೋಷೀಯನ ಕಾಲದಲ್ಲಲ್ಲ, ಹಿಜ್ಕೀಯನ ಕಾಲದಲ್ಲಿ ಎಂಬ ಅಭಿಪ್ರಾಯ ಈಗ ಬಲವಾಗಿದೆ. ಯಾರ ಕಾಲದ್ದಾದರೂ, ಅರಸನ ಆಜ್ಞೆಗೆ ತಲೆಬಾಗುತ್ತಲೇ ದೇವರ ವಸ್ತುವನ್ನು ಒಡೆಯಲು ಹಿಂಜರಿದ ಕೈಗಳು ಅಲ್ಲಿ ಕಾಣುತ್ತವೆ.

ಗ್ರಂಥದಲ್ಲಿ ಏನಿತ್ತು?

ಸಿಕ್ಕ ಸುರುಳಿ ಯಾವುದು? ಬೈಬಲ್ ಅದಕ್ಕೆ ಹೆಸರು ಹೇಳುವುದಿಲ್ಲ. ಜರ್ಮನಿಯ ವಿದ್ವಾಂಸ ಡಿ ವೆಟ್ಟೆ 1805ರಲ್ಲಿ ಒಂದು ಉತ್ತರ ಕೊಟ್ಟ. ಯೋಷೀಯ ಮಾಡಿದ ಕೆಲಸಗಳನ್ನು ಬೈಬಲಿನ ಐದನೆಯ ಪುಸ್ತಕದ ವಿಧಿಗಳೊಂದಿಗೆ ಹೋಲಿಸಿದರೆ ಒಂದಕ್ಕೊಂದು ತಾಳೆಯಾಗುತ್ತವೆ. ಕನ್ನಡ ಬೈಬಲಿನಲ್ಲಿ 'ಧರ್ಮೋಪದೇಶಕಾಂಡ' ಎಂಬ ಹೆಸರಿರುವ ಪುಸ್ತಕವಿದು. ಅದರ ಯಾವುದೋ ಹಳೆಯ ರೂಪವೇ ಅರಸನ ಮುಂದೆ ಓದಿದ ಗ್ರಂಥ ಎಂಬ ಮಾತನ್ನು ಬಹುಪಾಲು ವಿದ್ವಾಂಸರು ಇಂದಿಗೂ ಒಪ್ಪುತ್ತಾರೆ.

ಪುಸ್ತಕ ನಿಜಕ್ಕೂ 'ಸಿಕ್ಕಿತೋ' ಅಥವಾ ಆಗಲೇ ಬರೆದು 'ಸಿಗುವಂತೆ' ಮಾಡಿದರೋ ಎಂಬ ಪ್ರಶ್ನೆಯೂ ಅಂದಿನಿಂದಲೇ ಹುಟ್ಟಿಕೊಂಡಿತು. ಇದನ್ನು ಬರೀ ಮೋಸವೆಂದು ತಳ್ಳಿಹಾಕುವುದು ಅವಸರದ ತೀರ್ಮಾನವಾದೀತು. ಉತ್ತರದ ಇಸ್ರೇಲ್ ಬಿದ್ದಾಗ ಅಲ್ಲಿಂದ ಓಡಿಬಂದವರು ತಮ್ಮ ಸಂಪ್ರದಾಯದ ಬರಹಗಳನ್ನೂ ಹೊತ್ತು ತಂದಿರಬಹುದು. ಅವು ಜೆರೂಸಲೇಮಿನ ಲೇಖಕರ ಕೈಯಲ್ಲಿ ಬೆಳೆದಿರಬಹುದು ಎಂಬುದು ಹಲವರ ಊಹೆ.

ಗ್ರಂಥದ ಕಾಲವನ್ನು ಸೂಚಿಸುವ ಒಂದು ಸಾಕ್ಷ್ಯ ಅನಿರೀಕ್ಷಿತ ಜಾಗದಲ್ಲಿ ದೊರೆಯಿತು. ಪತ್ತೇದಾರಿ ಕಾದಂಬರಿಗಳ ಅಗಾಥಾ ಕ್ರಿಸ್ಟಿಯ ಪತಿ ಮ್ಯಾಕ್ಸ್ ಮ್ಯಾಲೊವನ್ ಇರಾಕಿನ ನಿಮ್ರೂದಿನಲ್ಲಿ ಅಗೆತ ನಡೆಸುತ್ತಿದ್ದರು. 1955ರಲ್ಲಿ ಅಲ್ಲಿ ಅಶ್ಶೂರದ ಎಸರ್‌ಹದ್ದೋನ್ ದೊರೆ ಕ್ರಿ.ಪೂ. 672ರಲ್ಲಿ ತನ್ನ ಅಧೀನರಿಂದ ಮಾಡಿಸಿಕೊಂಡ ಪ್ರಮಾಣಪತ್ರದ ಮಣ್ಣಿನ ಹಲಗೆಗಳು ಚೂರುಚೂರಾಗಿ ಸಿಕ್ಕವು. ತನ್ನ ಉತ್ತರಾಧಿಕಾರಿಯನ್ನು ನಿಮ್ಮ ಪ್ರಾಣದಂತೆ ಪ್ರೀತಿಸಬೇಕು. ಅವನ ವಿರುದ್ಧ ಪಿತೂರಿ ಮಾತು ಆಡಿದವನು ಅಣ್ಣನಿರಲಿ, ಮಗನಿರಲಿ, ಪ್ರವಾದಿಯಿರಲಿ, ಬಿಡಬಾರದು. ತಪ್ಪಿದರೆ ಇಂತಿಂಥ ಶಾಪ ತಟ್ಟುತ್ತದೆ. ಇದು ಅದರ ಸಾರ. ಧರ್ಮೋಪದೇಶಕಾಂಡದಲ್ಲೂ ಇದೇ ಪ್ರೀತಿ, ಇದೇ ಎಚ್ಚರಿಕೆ, ಇಂಥದೇ ಶಾಪಗಳು. ಕೆಲವೆಡೆ ಶಾಪಗಳ ಅನುಕ್ರಮವೂ ಒಂದೇ. ಅಶ್ಶೂರದ ಸಾಮಂತನಾಗಿದ್ದ ಮನಸ್ಸೆಯ ಆಸ್ಥಾನಕ್ಕೂ ಇಂಥ ಪತ್ರ ಬಂದಿರುವ ಸಂಭವ ಬಹಳ. ಚಕ್ರವರ್ತಿ ತನಗೆಂದು ಕೇಳಿದ ನಿಷ್ಠೆಯನ್ನು ಯೆಹೂದದ ಲೇಖಕರು ಅವನಿಂದ ಕಸಿದು ದೇವರಿಗೆ ಕೊಟ್ಟರು. ಒಬ್ಬನೇ ಒಡೆಯ, ಆತ ನಿನೆವೆಯಲ್ಲಿಲ್ಲ ಎಂದಂತಾಯಿತು.

ಗ್ರಂಥದ ಕೇಂದ್ರ ವಿಧಿ ಒಂದೇ: ಬಲಿಯರ್ಪಣೆ ದೇವರು ಆರಿಸಿದ ಒಂದೇ ಸ್ಥಳದಲ್ಲಿ ನಡೆಯಬೇಕು, ಉಳಿದವನ್ನೆಲ್ಲ ಕೆಡವಬೇಕು. ಅದರ ಜೊತೆಗೇ ಏಳನೆಯ ವರ್ಷ ಸಾಲ ಮನ್ನಾ ಮಾಡಬೇಕು, ಆರು ವರ್ಷ ದುಡಿದ ಹೀಬ್ರೂ ಜೀತದಾಳನ್ನು ಬಿಡುಗಡೆ ಮಾಡಿ ಬರಿಗೈಯಲ್ಲಿ ಕಳುಹಿಸಬಾರದು, ವಿಧವೆ ಅನಾಥ ಪರದೇಶಿಗಳಿಗಾಗಿ ಹೊಲದಲ್ಲಿ ಒಂದಿಷ್ಟು ಬಿಡಬೇಕು ಎಂಬ ವಿಧಿಗಳಿವೆ. ಅರಸನಿಗೂ ಒಂದು ವಿಧಿಯಿದೆ: ಅವನು ಕುದುರೆಗಳನ್ನೂ ಹೆಂಡಿರನ್ನೂ ಬೆಳ್ಳಿಬಂಗಾರವನ್ನೂ ಹೆಚ್ಚಿಸಿಕೊಳ್ಳಬಾರದು, ಈ ಶಾಸ್ತ್ರದ ಪ್ರತಿಯೊಂದನ್ನು ಬರೆದಿಟ್ಟುಕೊಂಡು ದಿನವೂ ಓದಬೇಕು. ಬ್ಯಾಬಿಲೋನಿನ ಹಮ್ಮುರಾಬಿಯ ಕಾಲದಿಂದ ಆ ಪ್ರದೇಶದಲ್ಲೆಲ್ಲ ಕಾನೂನು ಕೊಡುವವನು ಅರಸ. ಇಲ್ಲಿ ಅರಸನೇ ಕಾನೂನಿನ ಕೆಳಗೆ ಕುಳಿತು ಓದುವ ವಿದ್ಯಾರ್ಥಿ.

ಹುಲ್ದಳ ತೀರ್ಪು

ಬಟ್ಟೆ ಹರಿದುಕೊಂಡ ಅರಸ ಐದು ಮಂದಿಯ ನಿಯೋಗ ಕಳುಹಿಸಿದ. ಹಿಲ್ಕೀಯ, ಶಾಫಾನ, ಶಾಫಾನನ ಮಗನೆಂದು ತಿಳಿಯಲಾಗಿರುವ ಅಹೀಕಾಮ ಅದರಲ್ಲಿದ್ದರು. ಅವರು ಹೋದದ್ದು ಒಬ್ಬ ಹೆಂಗಸಿನ ಬಳಿಗೆ. ಹುಲ್ದ ಎಂಬ ಆ ಪ್ರವಾದಿನಿ ವಸ್ತ್ರಭಂಡಾರದ ಮೇಲ್ವಿಚಾರಕ ಶಲ್ಲೂಮನ ಹೆಂಡತಿ. ಜೆರೂಸಲೇಮಿನ ಎರಡನೆಯ ಕೇರಿಯಲ್ಲಿ ಅವಳ ಮನೆ. ಯೆರೆಮೀಯನಂಥ ಪ್ರವಾದಿ ಆಗಲೇ ಸಾರಲು ತೊಡಗಿದ್ದರೂ ಗ್ರಂಥದ ಸತ್ಯಾಸತ್ಯ ಹೇಳುವ ಅಧಿಕಾರ ಅವಳಿಗೆ ದೊರೆಯಿತು. ಬರೆದಿಟ್ಟ ಪುಸ್ತಕವೊಂದಕ್ಕೆ ದೇವರ ಮಾತೆಂಬ ಮುದ್ರೆ ಬಿದ್ದದ್ದು ಬೈಬಲಿನ ಕಥನದಲ್ಲಿ ಹೀಗೆ, ಒಬ್ಬ ಸ್ತ್ರೀಯ ಬಾಯಿಂದ.

ಅವಳ ತೀರ್ಪು ಕಠಿಣವಾಗಿತ್ತು. ಗ್ರಂಥದಲ್ಲಿ ಹೇಳಿದ ಕೇಡು ಈ ಊರಿಗೆ ಬಂದೇ ತೀರುತ್ತದೆ. ಆದರೆ ಮನಕರಗಿ ಅತ್ತ ಅರಸ ಅದನ್ನು ಕಾಣುವುದಿಲ್ಲ, ಸಮಾಧಾನದಿಂದ ಸಮಾಧಿ ಸೇರುತ್ತಾನೆ ಎಂದಳು. ಕೇಡು ತಪ್ಪದು ಎಂದು ಕೇಳಿದ ಮೇಲೂ ಯೋಷೀಯ ಕೈಕಟ್ಟಿ ಕೂಡಲಿಲ್ಲ. ಹಿರಿಯರನ್ನೂ ಯಾಜಕರನ್ನೂ ಸಣ್ಣವರು ದೊಡ್ಡವರೆನ್ನದೆ ಜನರನ್ನೂ ದೇವಾಲಯದಲ್ಲಿ ಕೂಡಿಸಿ, ಗ್ರಂಥವನ್ನು ಅವರ ಕಿವಿಗೆ ಬೀಳುವಂತೆ ಓದಿಸಿ, ಕಂಬದ ಬಳಿ ನಿಂತು ಒಡಂಬಡಿಕೆಗೆ ಪ್ರಮಾಣ ಮಾಡಿದ.

ಕೆಡವುವ ಕೆಲಸ

ಮುಂದಿನದು ಕೆಡವುವ ಕೆಲಸ. 'ಅರಸುಗಳು' ಗ್ರಂಥದ ಎರಡನೆಯ ಭಾಗ ಅದನ್ನು ದಾಸ್ತಾನಿನ ಪಟ್ಟಿಯಂತೆ ಒಂದೊಂದಾಗಿ ಹೇಳುತ್ತದೆ. ಬಾಳ್, ಅಶೇರ, ನಕ್ಷತ್ರಗಣಗಳ ಪೂಜಾಪಾತ್ರೆಗಳನ್ನು ದೇವಾಲಯದಿಂದ ಹೊರತಂದು ಊರಾಚೆ ಕಿದ್ರೋನ್ ಕಣಿವೆಯ ಬಯಲಲ್ಲಿ ಸುಟ್ಟರು. ಅಶೇರ ಸ್ತಂಭವನ್ನು ಸುಟ್ಟು, ಅರೆದು, ಪುಡಿಯನ್ನು ಸಾಮಾನ್ಯರ ಗೋರಿಗಳ ಮೇಲೆ ಚೆಲ್ಲಿದರು. ದೇವಾಲಯದ ಆವರಣದಲ್ಲೇ ಹೆಂಗಸರು ಅಶೇರಳಿಗಾಗಿ ಬಟ್ಟೆ ನೇಯುತ್ತಿದ್ದ ಕೋಣೆಗಳಿದ್ದವು, ಅವೂ ಹೋದವು. ನೆತನ್ಮೆಲೆಕ ಎಂಬ ಅಧಿಕಾರಿಯ ಕೋಣೆಯ ಬಳಿ ಹಿಂದಿನ ಅರಸರು ಸೂರ್ಯನಿಗೆ ಮೀಸಲಿಟ್ಟ ಕುದುರೆಗಳಿದ್ದವು. ಅವುಗಳನ್ನು ತೆಗೆಸಿ ಸೂರ್ಯನ ರಥಗಳಿಗೆ ಬೆಂಕಿಯಿಟ್ಟರು. ಹಿನ್ನೋಮ್ ಕಣಿವೆಯಲ್ಲಿ ಮಕ್ಕಳನ್ನು ಬೆಂಕಿಗೆ ಕೊಡುತ್ತಿದ್ದ ತೋಫೆತ್ ಎಂಬ ಸ್ಥಳವನ್ನು ಯಾರೂ ಮತ್ತೆ ಬಳಸದಂತೆ ಹೊಲೆಗೊಳಿಸಿದರು. ಯಾರ ದೃಷ್ಟಿಯಿಂದ ನೋಡಿದರೂ ಈ ಕೊನೆಯದಕ್ಕೆ ಎರಡು ಮಾತಿಲ್ಲ.

ಗೆಬದಿಂದ ಬೇರ್ಷೆಬದವರೆಗೆ, ಅಂದರೆ ರಾಜ್ಯದ ಉತ್ತರ ತುದಿಯಿಂದ ದಕ್ಷಿಣ ತುದಿಯವರೆಗೆ, ಊರೂರಿನ ಪೂಜಾಸ್ಥಳಗಳನ್ನು ಅಪವಿತ್ರಗೊಳಿಸಲಾಯಿತು. ಇವುಗಳಲ್ಲಿ ಹೆಚ್ಚಿನವು ಪರದೇವತೆಗಳವಲ್ಲ, ಯೆಹೋವನವೇ. ಆಮೇಲೆ ಅರಸ ಗಡಿ ದಾಟಿ ಬೇತೇಲಿಗೆ ಹೋದ. ಹಳೆಯ ಇಸ್ರೇಲ್ ರಾಜ್ಯದ ಪ್ರಸಿದ್ಧ ಕ್ಷೇತ್ರವದು. ಸಮಾಧಿಗಳಿಂದ ಎಲುಬು ತೆಗೆಸಿ ಅಲ್ಲಿನ ಬಲಿಪೀಠದ ಮೇಲೆ ಸುಡಿಸಿ ಅದನ್ನು ಕೆಡಿಸಿದ. ಸಮಾರ್ಯದ ಪಟ್ಟಣಗಳಲ್ಲಿ ಯಾಜಕರನ್ನು ಅವರ ಪೀಠಗಳ ಮೇಲೆಯೇ ಕೊಲ್ಲಿಸಿದನೆಂದು ಗ್ರಂಥ ಸಂಕೋಚವಿಲ್ಲದೆ, ಹೊಗಳಿಕೆಯ ಧಾಟಿಯಲ್ಲೇ ಹೇಳುತ್ತದೆ. ಇಷ್ಟಾದ ಮೇಲೆ ಜೆರೂಸಲೇಮಿನಲ್ಲಿ ಪಸ್ಕ ಹಬ್ಬ ನಡೆಯಿತು. ನ್ಯಾಯಸ್ಥಾಪಕರ ಕಾಲದಿಂದ ಅಂಥ ಹಬ್ಬ ನಡೆದಿರಲಿಲ್ಲವಂತೆ.

ಹಳ್ಳಿಯವರಿಗೆ ಏನಾಯಿತು?

ಒಂದೇ ದೇವಾಲಯ ಎಂಬ ನಿಯಮ ಊಟದ ತಟ್ಟೆಯವರೆಗೂ ಬಂತು. ಅಲ್ಲಿಯವರೆಗೆ ಕುರಿ ಕೊಯ್ಯುವುದೆಂದರೆ ಬಹುಮಟ್ಟಿಗೆ ಊರ ಪೀಠದ ಮುಂದೆ ಬಲಿ ಕೊಡುವುದೇ. ಪೀಠಗಳಿಲ್ಲವಾದರೆ ದೂರದೂರಿನವರು ಮಾಂಸ ತಿನ್ನುವುದು ಹೇಗೆ? ಹೊಸ ಶಾಸ್ತ್ರ ಇದನ್ನು ಮುಂದಾಗಿ ಯೋಚಿಸಿತ್ತು. ಬೇಕಾದಾಗ ಊರಲ್ಲೇ ಕೊಯ್ದು ತಿನ್ನಬಹುದು, ರಕ್ತವನ್ನು ಮಾತ್ರ ನೀರಿನಂತೆ ನೆಲಕ್ಕೆ ಸುರಿಯಬೇಕು. ಹೀಗೆ ದಿನದಿನದ ಊಟ ಪೂಜೆಯಿಂದ ಬೇರೆಯಾಯಿತು. ದಶಮಾಂಶದ ಧಾನ್ಯ ಹೊತ್ತು ತರಲಾರದವನು ಅದನ್ನು ಮಾರಿ ಬೆಳ್ಳಿ ಗಂಟು ಕಟ್ಟಿಕೊಂಡು ರಾಜಧಾನಿಗೆ ಬಂದು ಬೇಕಾದ್ದು ಕೊಳ್ಳಬಹುದೆಂಬ ಅನುಕೂಲವೂ ಇತ್ತು. ಕೈತಪ್ಪಿ ಕೊಲೆಯಾದವನು ಓಡಿಹೋಗಿ ಪೀಠವನ್ನು ಹಿಡಿದುಕೊಂಡರೆ ಆಶ್ರಯ ಸಿಗುತ್ತಿದ್ದ ಪದ್ಧತಿಗೆ ಬದಲಾಗಿ ಆಶ್ರಯ ನಗರಗಳನ್ನು ಗೊತ್ತುಮಾಡುವ ವಿಧಿಯೂ ಬಂತು.

ಕೆಲಸ ಕಳೆದುಕೊಂಡವರು ಹಳ್ಳಿಯ ಯಾಜಕರು. ಅವರಲ್ಲಿ ಯಾರಾದರೂ ರಾಜಧಾನಿಗೆ ಬಂದರೆ ಅಲ್ಲಿನವರಂತೆ ಸೇವೆ ಮಾಡಬಹುದು, ಸಮಪಾಲು ಪಡೆಯಬಹುದು ಎಂದು ಧರ್ಮೋಪದೇಶಕಾಂಡದಲ್ಲಿದೆ. ನಡೆದದ್ದು ಬೇರೆ. ಬಂದವರಿಗೆ ರೊಟ್ಟಿಯ ಪಾಲು ಸಿಕ್ಕಿತು, ಯೆಹೋವನ ಪೀಠವನ್ನೇರುವ ಹಕ್ಕು ಸಿಗಲಿಲ್ಲ. ಜೆರೂಸಲೇಮಿನ ಯಾಜಕರು ಬಿಟ್ಟುಕೊಡಲಿಲ್ಲವೆಂದು ಊಹಿಸಬಹುದು. ಎಲ್ಲ ಕಾಣಿಕೆ, ಎಲ್ಲ ಯಾತ್ರೆ ಒಂದೇ ಊರಿಗೆ ಹರಿಯುವಾಗ ಆ ಊರಿಗೂ ಅದರ ಅರಸನಿಗೂ ಲಾಭವಿದ್ದೇ ಇತ್ತು. ಭಕ್ತಿ ಮತ್ತು ಬೊಕ್ಕಸ ಇಲ್ಲಿ ಎದುರಾಳಿಗಳಾಗಿರಲಿಲ್ಲ.

ಸಮಯವೂ ಕೂಡಿಬಂದಿತ್ತು. ಕ್ರಿ.ಪೂ. 630ರ ದಶಕದಿಂದ ಅಶ್ಶೂರದ ಬಲ ಕುಂದುತ್ತಿತ್ತು, ಕ್ರಿ.ಪೂ. 612ರಲ್ಲಿ ಬ್ಯಾಬಿಲೋನಿಯರೂ ಮೇದ್ಯರೂ ಸೇರಿ ನಿನೆವೆಯನ್ನೇ ನೆಲಸಮ ಮಾಡಿದರು. ತಲೆಯ ಮೇಲಿನ ಭಾರ ಇಳಿದಾಗ ಯೆಹೂದ ತನ್ನತನವನ್ನು ಹುಡುಕಿಕೊಂಡಿತು. ದಾವೀದನ ರಾಜ್ಯವನ್ನು ಮತ್ತೆ ಒಂದುಗೂಡಿಸುವ ಆಸೆ ಯೋಷೀಯನಿಗಿತ್ತೆಂದು ಬೇತೇಲಿನ ದಾಳಿಯಿಂದ ಹಲವರು ತರ್ಕಿಸುತ್ತಾರೆ.

ಮೆಗಿದ್ದೋದ ಸಾವು

ಅಶ್ಶೂರ ಬಿಟ್ಟ ಜಾಗಕ್ಕೆ ಈಜಿಪ್ಟ್ ನುಗ್ಗಿತು. ಬ್ಯಾಬಿಲೋನ್ ಬೆಳೆಯುವುದನ್ನು ತಡೆಯಲು ಅದು ಹಳೆಯ ವೈರಿ ಅಶ್ಶೂರಕ್ಕೇ ನೆರವಾಯಿತು. ಕ್ರಿ.ಪೂ. 609ರಲ್ಲಿ ಫರೋಹ ಎರಡನೆಯ ನೆಕೋ ಸೈನ್ಯದೊಂದಿಗೆ ಯೂಫ್ರೆಟಿಸ್ ಕಡೆಗೆ ಹೊರಟ. ಆ ವರ್ಷ ಈಜಿಪ್ಟಿನ ಸೇನೆ ನದಿ ದಾಟಿದ್ದನ್ನು ಬ್ಯಾಬಿಲೋನಿನ ವೃತ್ತಾಂತ ಫಲಕವೂ ದಾಖಲಿಸಿದೆ. ದಾರಿಯಲ್ಲಿ ಮೆಗಿದ್ದೋ ಎಂಬ ಕಣಿವೆ ಬಾಗಿಲು. ಯೋಷೀಯ ಅಲ್ಲಿ ಅವನಿಗೆ ಎದುರಾದ. ನೆಕೋ ಅವನನ್ನು ಕಂಡೊಡನೆ ಕೊಂದ ಎಂದಷ್ಟೇ 'ಅರಸುಗಳು' ಹೇಳುತ್ತದೆ. ಯುದ್ಧವಾಯಿತೋ, ಕರೆಸಿ ಕೊಂದನೋ ಸ್ಪಷ್ಟವಿಲ್ಲ. ಶತಮಾನಗಳ ಬಳಿಕ ಬರೆದ 'ಪೂರ್ವಕಾಲವೃತ್ತಾಂತ' ಅದನ್ನು ಯುದ್ಧವಾಗಿಯೇ ಚಿತ್ರಿಸುತ್ತದೆ: ಅರಸ ವೇಷ ಮರೆಸಿ ಹೋದ, ಬಿಲ್ಲುಗಾರರು ಹೊಡೆದರು, ರಥದಲ್ಲಿ ಜೆರೂಸಲೇಮಿಗೆ ತಂದರು, ಯೆರೆಮೀಯ ಶೋಕಗೀತೆ ರಚಿಸಿದ. ಸಾಯುವಾಗ ಅವನಿಗೆ 39 ವರ್ಷ.

ಈ ಸಾವು ದೊಡ್ಡ ಪ್ರಶ್ನೆಯನ್ನು ಬಿಟ್ಟಿತು. ಅವನಂಥ ಅರಸ ಹಿಂದೆಯೂ ಇರಲಿಲ್ಲ, ಮುಂದೆಯೂ ಹುಟ್ಟಲಿಲ್ಲ ಎಂದು ಬೈಬಲ್ ಕೊಂಡಾಡಿದ ವ್ಯಕ್ತಿ ಹೀಗೇಕೆ ಸತ್ತ? ಹುಲ್ದ ಹೇಳಿದ ಸಮಾಧಾನದ ಸಾವು ಎಲ್ಲಿ ಹೋಯಿತು? ಬೈಬಲಿನ ಲೇಖಕರು ಮೂಲಪಾಪವನ್ನು ಮನಸ್ಸೆಯ ತಲೆಗೆ ಕಟ್ಟಿದರು. ಹುಲ್ದಳ ಮಾತನ್ನು ಯಾರೂ ತಿದ್ದದೆ ಹಾಗೇ ಉಳಿಸಿದ್ದಾರೆ. ಅದು ಅರಸ ಬದುಕಿದ್ದಾಗಲೇ ಬರೆದದ್ದಿರಬೇಕು ಎಂದು ವಾದಿಸುವವರಿದ್ದಾರೆ. ಅರಸರ ಇತಿಹಾಸದ ಮೊದಲ ರೂಪ ಯೋಷೀಯನ ಆಸ್ಥಾನದಲ್ಲೇ ಸಿದ್ಧವಾಯಿತೆಂದು ಅಮೆರಿಕದ ಫ್ರಾಂಕ್ ಮೂರ್ ಕ್ರಾಸ್ 1973ರಲ್ಲಿ ಪ್ರತಿಪಾದಿಸಿದರು. ಅವನನ್ನು ಹೊಗಳುವ ಕಥನ ಅವನ ಸುತ್ತಲಿನವರದೇ ಎಂಬುದನ್ನು ಓದುವಾಗ ಮರೆಯಬಾರದು. ಯೋಷೀಯನ ಹೆಸರು ಅವನ ಕಾಲದ ಹೊರಗಿನ ಯಾವ ಶಾಸನದಲ್ಲೂ ಈವರೆಗೆ ದೊರೆತಿಲ್ಲ.

ಮೆಗಿದ್ದೋದ ಹೆಸರು ಮಾತ್ರ ಅಳಿಯಲಿಲ್ಲ. ಮುಂದೆ ಕ್ರೈಸ್ತ ಗ್ರಂಥದಲ್ಲಿ ಜಗತ್ತಿನ ಕೊನೆಯ ಯುದ್ಧಭೂಮಿಗೆ ಬಂದ 'ಹರ್ಮಗೆದೋನ್' ಎಂಬ ಹೆಸರು ಈ ಮೆಗಿದ್ದೋದಿಂದಲೇ ಎಂದು ಸಾಮಾನ್ಯವಾಗಿ ತಿಳಿಯಲಾಗಿದೆ.

ಮಗ ಹರಿದ ಸುರುಳಿ

ನೆಕೋ ಯೋಷೀಯನ ಒಬ್ಬ ಮಗನನ್ನು ಸೆರೆಯೊಯ್ದು ಇನ್ನೊಬ್ಬ ಮಗ ಯೆಹೋಯಾಕೀಮನನ್ನು ಗದ್ದುಗೆಯಲ್ಲಿ ಕೂರಿಸಿದ. ಇವನ ಕಾಲದಲ್ಲಿ ಇನ್ನೊಂದು ಸುರುಳಿ ಅರಮನೆಗೆ ಬಂತು. ಯೆರೆಮೀಯನ ಮಾತುಗಳನ್ನು ಬಾರೂಕ ಎಂಬವನು ಬರೆದುಕೊಂಡು ದೇವಾಲಯದಲ್ಲಿ, ಶಾಫಾನನ ಮಗ ಗೆಮರ್ಯನ ಕೋಣೆಯಲ್ಲಿ ಓದಿದ. ಸುದ್ದಿ ಅರಸನಿಗೆ ಮುಟ್ಟಿತು. ಚಳಿಗಾಲ, ಅರಸ ಅಗ್ಗಿಷ್ಟಿಕೆಯ ಮುಂದೆ ಕುಳಿತಿದ್ದ. ಮೂರು ನಾಲ್ಕು ಅಂಕಣ ಓದುತ್ತಿದ್ದಂತೆ ಅಷ್ಟಷ್ಟನ್ನು ಲೇಖಕನ ಚೂರಿಯಿಂದ ಹರಿದು ಬೆಂಕಿಗೆ ಹಾಕಿದ. ಬೇಡವೆಂದು ಬೇಡಿದವರಲ್ಲಿ ಗೆಮರ್ಯನೂ ಒಬ್ಬ. ತಂದೆ ಬಟ್ಟೆ ಹರಿದದ್ದಕ್ಕೂ ಮಗ ಸುರುಳಿ ಹರಿದದ್ದಕ್ಕೂ ಹೀಬ್ರೂ ಮೂಲದಲ್ಲಿ ಬಳಸಿರುವುದು ಒಂದೇ ಕ್ರಿಯಾಪದ. ಯೆರೆಮೀಯ ಬಾರೂಕನಿಂದ ಆ ಪುಸ್ತಕವನ್ನು ಮತ್ತೆ ಬರೆಸಿದ.

ಕ್ರಿ.ಪೂ. 597ರಲ್ಲಿ ಬ್ಯಾಬಿಲೋನ್ ಜೆರೂಸಲೇಮನ್ನು ಹಿಡಿಯಿತು. ಮುಂದೆ ದಂಗೆಯೆದ್ದಾಗ, ಕ್ರಿ.ಪೂ. 586ರ ಸುಮಾರಿಗೆ, ನಗರವನ್ನೂ ದೇವಾಲಯವನ್ನೂ ಸುಟ್ಟಿತು. ಉಳಿದ ಜನರ ಮೇಲೆ ಅಧಿಪತಿಯಾಗಿ ನೇಮಕಗೊಂಡವನು ಗೆದಲ್ಯ, ಶಾಫಾನನ ಮೊಮ್ಮಗ. ಅವನನ್ನೂ ರಾಜವಂಶದವನೊಬ್ಬ ಕೊಂದ. ಆ ಕೊಲೆಯ ನೆನಪಿಗೆ ಯೆಹೂದಿಗಳು ಇಂದಿಗೂ ಹೊಸವರ್ಷದ ಹಬ್ಬದ ಮರುದಿನ ಉಪವಾಸ ಮಾಡುತ್ತಾರೆ.

ಸುಧಾರಣೆಯನ್ನು ಒಪ್ಪದವರ ದನಿಯೂ ಬೈಬಲಿನಲ್ಲೇ ಉಳಿದಿದೆ. ಈಜಿಪ್ಟಿಗೆ ಓಡಿಹೋದ ಹೆಂಗಸರನ್ನು ಯೆರೆಮೀಯ ಗದರಿಸಿದಾಗ ಅವರು ಎದುರುತ್ತರ ಕೊಡುತ್ತಾರೆ. ಗಗನದ ಒಡತಿಗೆ ಧೂಪ ಹಾಕುತ್ತಿದ್ದಾಗ ನಮಗೆ ಅನ್ನಕ್ಕೆ ಕೊರತೆಯಿರಲಿಲ್ಲ. ನಿಲ್ಲಿಸಿದ ಮೇಲೆಯೇ ಕತ್ತಿ, ಬರ ಎಲ್ಲ ಬಂದದ್ದು. ಗಂಡಂದಿರಿಗೆ ತಿಳಿದೇ ಮಾಡಿದೆವು, ಇನ್ನೂ ಮಾಡುತ್ತೇವೆ ಎನ್ನುತ್ತಾರೆ. ಮನೆಮನೆಯ ಮಣ್ಣಿನ ಬೊಂಬೆಗಳು ರಾಜ್ಯ ಬೀಳುವವರೆಗೂ ಸಿಗುತ್ತಲೇ ಹೋಗುತ್ತವೆ. ಅರಸನ ಆಜ್ಞೆ ಗುಡ್ಡದ ಪೀಠಕ್ಕೆ ತಲುಪಿತು, ಅಡುಗೆಮನೆಗೆ ತಲುಪಲಿಲ್ಲ. ಈಜಿಪ್ಟಿನ ಎಲಿಫಂಟೈನ್ ದ್ವೀಪದ ಯೆಹೂದಿ ಸೈನಿಕರು ಕ್ರಿ.ಪೂ. ಐದನೆಯ ಶತಮಾನದಲ್ಲೂ ತಮ್ಮದೇ ದೇವಾಲಯ ಇಟ್ಟುಕೊಂಡಿದ್ದರು. ಕ್ರಿ.ಪೂ. 410ರಲ್ಲಿ ಅದು ನಾಶವಾದಾಗ ಮತ್ತೆ ಕಟ್ಟಲು ನೆರವು ಬೇಡಿ ಜೆರೂಸಲೇಮಿಗೇ ಪತ್ರ ಬರೆದರು!

ಹಾಗಾದರೆ ಉಳಿದದ್ದೇನು? ಒಂದೇ ದೇವಾಲಯವೆಂದು ಸಾಧಿಸಿದ್ದರಿಂದ, ಅದು ಸುಟ್ಟಾಗ ಬಲಿಯರ್ಪಣೆಯೇ ನಿಂತುಹೋಯಿತು. ಪೂಜೆಯೇ ಧರ್ಮವಾಗಿದ್ದ ಬೇರೆ ಸಣ್ಣ ರಾಜ್ಯಗಳ ದೇವರುಗಳು ಇಂಥ ಹೊಡೆತಕ್ಕೆ ಹೆಸರಿಲ್ಲದೆ ಹೋದದ್ದುಂಟು. ಯೆಹೂದದ ಸೆರೆಯವರ ಬಳಿ ಹೊತ್ತೊಯ್ಯಬಹುದಾದ ಪುಸ್ತಕವಿತ್ತು. ಪಟ್ಟಣದ ಮಧ್ಯೆ ನಿಂತು ಅದನ್ನು ಎಲ್ಲರಿಗೂ ಕೇಳುವಂತೆ ಓದುವ ಪದ್ಧತಿಗೆ ಯೋಷೀಯನ ಮಾದರಿಯಿತ್ತು. ಸೆರೆಯಿಂದ ಮರಳಿದ ಎಜ್ರನು ಗ್ರಂಥ ಓದಿದ್ದು ದೇವಾಲಯದೊಳಗಲ್ಲ, ನೀರುಬಾಗಿಲ ಮುಂದಿನ ಚೌಕದಲ್ಲಿ, ಗಂಡಸರು ಹೆಂಗಸರೆನ್ನದೆ ಎಲ್ಲರ ಎದುರಿಗೆ. ಯೆಹೂದಿಗಳ ಸಭಾಮಂದಿರಗಳಲ್ಲಿ ವಾರವಾರ ನಡೆಯುವ ಓದು, ಕ್ರೈಸ್ತರ ಹಾಗೂ ಮುಸ್ಲಿಮರ ಗ್ರಂಥನಿಷ್ಠೆ, ಇವುಗಳ ಹಿಂದೆ ದೂರದಲ್ಲಿ ಆ ದುರಸ್ತಿಯ ವರ್ಷವಿದೆ. ಆ ನಿಷ್ಠೆಯ ಜೊತೆಗೆ, ಭಿನ್ನವಾಗಿ ಪೂಜಿಸುವವನ ಪೀಠ ಕೆಡವುವ ಹಕ್ಕು ತನಗಿದೆ ಎಂಬ ಭಾವವೂ ಬೇತೇಲಿನಿಂದ ಹರಿದುಬಂದಿದೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳದೆ ಈ ಅರಸನ ಕಥೆ ಪೂರ್ತಿಯಾಗದು.

ಜೆರೂಸಲೇಮಿನ ದಾವೀದನ ನಗರವೆಂಬ ಭಾಗದಲ್ಲಿ 1982ರಲ್ಲಿ ಯಿಗಾಲ್ ಶಿಲೋ ಅವರ ತಂಡಕ್ಕೆ ಸುಟ್ಟ ಮನೆಯೊಂದರ ನೆಲದಲ್ಲಿ 51 ಮಣ್ಣಿನ ಮುದ್ರೆಗಳು ಸಿಕ್ಕವು. ಕಾಗದಪತ್ರಗಳನ್ನು ಸುತ್ತಿ ದಾರ ಕಟ್ಟಿ ಒತ್ತಿದ ಹಸಿಮಣ್ಣಿನ ಬಿಲ್ಲೆಗಳವು. ಬ್ಯಾಬಿಲೋನಿಯರ ಬೆಂಕಿ ಪತ್ರಗಳನ್ನೆಲ್ಲ ಸುಟ್ಟು, ಬಿಲ್ಲೆಗಳನ್ನು ಇಟ್ಟಿಗೆಯಂತೆ ಬೇಯಿಸಿ ಉಳಿಸಿತ್ತು. ಅವುಗಳಲ್ಲೊಂದರ ಮೇಲೆ ಶಾಫಾನನ ಮಗ ಗೆಮರ್ಯ ಎಂಬ ಹೆಸರಿದೆ. ಅದೇ ಪ್ರದೇಶದಲ್ಲಿ ದೊರೆತು 2019ರಲ್ಲಿ ಬೆಳಕಿಗೆ ಬಂದ ಇನ್ನೊಂದು ಬಿಲ್ಲೆಯಲ್ಲಿ ಅರಸನ ಸೇವಕ ನೆತನ್ಮೆಲೆಕ ಎಂದಿದೆ. ಸೂರ್ಯನ ಕುದುರೆಗಳು ನಿಲ್ಲುತ್ತಿದ್ದದ್ದು ಆ ಹೆಸರಿನ ಅಧಿಕಾರಿಯ ಕೋಣೆಯ ಬಳಿಯಲ್ಲೇ. ಇವರೇ ಅವರು ಎಂದು ಆಣೆಯಿಟ್ಟು ಹೇಳಲಾಗದು. ಹೆಸರು, ಕಾಲ, ಊರು ಹೊಂದುತ್ತವೆ ಎಂದಷ್ಟೇ ಹೇಳಬಹುದು. ಯೋಷೀಯನ ಮುದ್ರೆ ಇನ್ನೂ ಸಿಕ್ಕಿಲ್ಲ. ಅವನ ಲೇಖಕನ ಮನೆತನದ್ದಿರಬಹುದಾದ ಬೆರಳುಗುರಿನಷ್ಟು ಮಣ್ಣು ಸಿಕ್ಕಿದೆ.